ನಡುಗುವ ಎದೆಯು ಅವಿಶ್ವಾಸದ ಗುರುತೋ?



ಹಳ್ಳಿಯ ಸಭೆಗಳನ್ನು ಸಂದರ್ಶಿಸುವ ಕೆಲಸದಲ್ಲಿ ನಮಗೆ ಅನೇಕ ಪ್ರಶ್ನೆಗಳು ಎದುರಾಗುತ್ತವೆ. ಕೆಲವಕ್ಕೆ ಉತ್ತರವು ನಾಲಿಗೆಯ ತುದಿಯಲ್ಲಿಯೇ ಇರುವದು. ಕೆಲವಕ್ಕೆ ಪುಸ್ತಕವನ್ನು ತೆರೆದು ನೋಡಬೇಕಾಗುವದು. ಇನ್ನು ಕೆಲವು ಪ್ರಶ್ನೆಗಳಾದರೋ ಕೇಳಿದವರನ್ನು ಬಿಟ್ಟು ಕೇಳಿಸಿಕೊಂಡ ನಮ್ಮನ್ನೇ ಅಪರಾಧಿಗಳ ಸ್ಥಳದಲ್ಲಿ ನಿಲ್ಲಿಸುವವು. ಈ ತಿಂಗಳು ನಾವು ವಿಚಾರಿಸಬೇಕೆಂದಿರುವ ಪ್ರಶ್ನೆಯು ಈ ಕಡೇ ಬಗೆಯದು.

ನಮ್ಮ ಸಭೆಗಳಲ್ಲೊಂದರಲ್ಲಿ ಒಬ್ಬ ವಿಧವೆ ಇದ್ದಾಳೆ. ಎರಡು ಎಕರೆ ಖುಷ್ಕಿ ಜಮೀನು, ಮದುವೆಗೆ ಬಂದಿರುವ ಒಬ್ಬ ಮಗಳು, ಗಂಡನ ರೋಗದ ಕಾಲದಲ್ಲಿ ಎರಡು ಕಡೆ ಮಾಡಿದ ಸಾಲ, ಇಷ್ಟೇ ಆಕೆಯ ಸಂಸಾರ. ಗಂಡನು ತೀರಿಹೋದ ಮೇಲೆ ಆಕೆಗೆ ಒಂದು ಬಾಧೆ ಹತ್ತಿಕೊಂಡಿತು. ಕೋಳಿ ಕೂಗುವದಕ್ಕೆ ಮುಂಚೆಯೇ ಎಚ್ಚರವಾಗುವದು. ಎಚ್ಚರವಾದ ಕೂಡಲೇ ಎದೆಯು ಡವಡವನೆ ಹೊಡೆದುಕೊಳ್ಳುವದು. ಕೊಡ ಹೊತ್ತು ಬಂದರೂ ಹಾಗೆಯೇ, ಸಾಲ ವಸೂಲಿಗೆ ಬರುವವನ ಮೋಟಾರ್ ಸೈಕಲಿನ ಸದ್ದು ಕೇಳಿದರೂ ಹಾಗೆಯೇ, ಪ್ರಾರ್ಥನೆಗೆ ಮೊಣಕಾಲೂರಿದರೂ ಹಾಗೆಯೇ. ಮನೆಪ್ರಾರ್ಥನೆಯ ಕೂಟವೊಂದರಲ್ಲಿ ಆಕೆಯು ಎಲ್ಲರ ಮುಂದೆ, "ಅಯ್ಯನವರೇ, ದೇವರ ಹೆಸರು ಹೇಳುವಾಗಲೂ ನನ್ನೆದೆ ತಹಬಂದಿಗೆ ಬರುವದಿಲ್ಲ. ಇದೇನು?" ಎಂದು ಕೇಳಿದಳು.

ನಾವು ಬಾಯಿ ತೆರೆಯುವದಕ್ಕೆ ಮುಂಚೆ ಸಭೆಯ ಹಿರಿಯರೊಬ್ಬರು, "ಅಮ್ಮಾ, ಕರ್ತನಲ್ಲಿ ಭರವಸವಿಟ್ಟವರ ಎದೆ ಗಾಳಿಯಿಲ್ಲದ ಹೊತ್ತಿನ ಕೆರೆಯ ನೀರಿನ ಹಾಗೆ ಇರುತ್ತದೆ. ಹೀಗೆ ನಡುಗುವದು ಅವಿಶ್ವಾಸದ ಗುರುತು. ಮೊದಲು ಅದಕ್ಕಾಗಿ ಪಶ್ಚಾತ್ತಾಪಪಡು," ಎಂದರು. ಆ ಹಿರಿಯರು ಕೆಟ್ಟವರಲ್ಲ. ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ದೇವಾಲಯದ ಹೆಂಚುಗಳನ್ನು ಸರಿಮಾಡುವವರು ಅವರೇ. ಮಾತು ಭಕ್ತಿಯುಳ್ಳದ್ದಾಗಿ ಕೇಳಿಸಿತು. ನಾವೂ ತಲೆದೂಗಿದೆವು.

ಆ ತಲೆದೂಗಿದ್ದರ ಫಲವು ನಮಗೆ ಬಹಳ ದಿನಗಳ ಮೇಲೆ ಗೊತ್ತಾಯಿತು. ಮುಂದಿನ ಮೂರು ತಿಂಗಳು ಕರ್ತನ ಭೋಜನದ ಭಾನುವಾರಗಳಲ್ಲಿ ಆ ತಾಯಿಯು ಪ್ರಸಂಗವಾದ ಕೂಡಲೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎದ್ದು ಹೊರಟುಹೋಗುತ್ತಿದ್ದಳು. ಅವಿಶ್ವಾಸಿಯಾದ ತಾನು ರೊಟ್ಟಿಯನ್ನು ಹೇಗೆ ಮುಟ್ಟಲಿ ಎಂಬದೇ ಆಕೆಯ ಹೆದರಿಕೆ. ಇತ್ತ ಆಕೆಯ ತವರಿನ ಹಳೇ ಬಂಧುಗಳು, ಗ್ರಾಮದೇವತೆಯನ್ನು ಬಿಟ್ಟು ಹೋದದ್ದಕ್ಕೆ ಅಮ್ಮನವರು ಎದೆಯ ಮೇಲೆ ಕೂತಿದ್ದಾಳೆಂದೂ ಒಂದು ಕುರಿಯನ್ನು ಕೊಟ್ಟರೆ ಇಳಿಯುವಳೆಂದೂ ಹೇಳುತ್ತಿದ್ದರಂತೆ. ವಾಚಕರೇ, ಗಮನಿಸಿರಿ. ಅವರದು ಒಂದು ಭಾಷೆ, ನಮ್ಮದು ಇನ್ನೊಂದು ಭಾಷೆ. ತೀರ್ಪು ಮಾತ್ರ ಒಂದೇ. ಎದೆಯು ಹೊಡೆದುಕೊಳ್ಳುವದರಿಂದ ನೀನು ಅಪರಾಧಿ ಎಂದು ಇಬ್ಬರೂ ಹೇಳಿದೆವು.

ಹೀಗಿರಲಾಗಿ, ಎದೆಯ ಬಡಿತವು ಆತ್ಮದ ವಿಷಯವಾಗಿ ಸಾಕ್ಷಿ ಹೇಳಬಲ್ಲದೋ? ಹೇಳಬಲ್ಲದಾದರೆ ಎಷ್ಟರ ಮಟ್ಟಿಗೆ? ಇದಕ್ಕೆ ಉತ್ತರವನ್ನು ಹುಡುಕುವದಕ್ಕೆ ಮುಂಚೆ ಈ ಸಾಕ್ಷಿಗಾರನು ಯಾರೆಂದು ತಿಳಿದುಕೊಳ್ಳುವದು ಯುಕ್ತವಾಗಿದೆ.

ಹೃದಯವು ಹೆಚ್ಚು ಕಡಿಮೆ ಅವರವರ ಮುಷ್ಟಿಯಷ್ಟು ದೊಡ್ಡದಾದ ಮಾಂಸದ ಚೀಲ. ಸುಮ್ಮನೆ ಕೂತಿರುವ ಆರೋಗ್ಯವಂತನಲ್ಲಿ ಅದು ನಿಮಿಷಕ್ಕೆ ೬೦ರಿಂದ ೧೦೦ ಸಾರಿಯ ವರೆಗೆ ಬಡಿಯುವದು. ಒಂದು ಹಗಲು ಒಂದು ರಾತ್ರಿಯಲ್ಲಿ ಸುಮಾರು ಒಂದು ಲಕ್ಷ ಸಾರಿ. ರಕ್ತವು ಹೃದಯದಿಂದ ಹೊರಟು ಶರೀರವನ್ನು ಸುತ್ತಿ ಹಿಂತಿರುಗುವದೆಂದು ಇಂಗ್ಲೆಂಡಿನ ವಿಲಿಯಂ ಹಾರ್ವಿ ಎಂಬ ವೈದ್ಯನು ೧೬೨೮ರಲ್ಲಿ ತೋರಿಸಿಕೊಟ್ಟನು. ಆ ರಕ್ತವು ಎಷ್ಟು ಒತ್ತಡದಿಂದ ಹರಿಯುವದೆಂಬದನ್ನು ಮೊದಲು ಅಳೆದು ೧೭೩೩ರಲ್ಲಿ ಪ್ರಕಟಿಸಿದವನು ವೈದ್ಯನಲ್ಲ, ನಮ್ಮ ಹಾಗೆ ಪ್ರಸಂಗ ಮಾಡುವ ಸಭಾಪಾಲಕನು. ಆತನ ಹೆಸರು ಸ್ಟೀಫನ್ ಹೇಲ್ಸ್. ಲಂಡನ್ನಿಗೆ ಹತ್ತಿರವಾದ ಟೆಡಿಂಗ್ಟನ್ ಎಂಬ ಊರಿನ ಪಾದ್ರಿ. ಆತನು ಒಂದು ಕುದುರೆಯ ರಕ್ತನಾಳಕ್ಕೆ ಗಾಜಿನ ಉದ್ದವಾದ ಕೊಳವೆಯನ್ನು ಜೋಡಿಸಿದಾಗ ರಕ್ತವು ೮ ಅಡಿ ೩ ಅಂಗುಲದ ವರೆಗೆ ಏರಿ ನಿಂತಿತಂತೆ. ಅದು ಅಲ್ಲಿ ಸ್ಥಿರವಾಗಿ ನಿಲ್ಲದೆ ಕುದುರೆಯ ಉಸಿರಿನೊಂದಿಗೆ ಏರಿಳಿಯುವದನ್ನೂ ಆತನು ಕಂಡನು. (ಇದೇ ಪಾದ್ರಿಯು ಸಾರಾಯಿ ಕುಡಿಯುವವರಿಗೆ ಬುದ್ಧಿ ಹೇಳುವ ಒಂದು ಚಿಕ್ಕ ಪುಸ್ತಕವನ್ನೂ ಬರೆದನು. ಅದು ನಮ್ಮ ಊರುಗಳಿಗೆ ಇಂದಿಗೂ ಬೇಕಾದದ್ದೇ.)

ಹೃದಯವನ್ನು ಬಡಿಯುವಂತೆ ಮಾಡುವವರು ಯಾರು? ಹೊರಗಿನಿಂದ ಯಾರೂ ಇಲ್ಲ. ಹೃದಯದ ಬಲಗಡೆಯ ಮೇಲಣ ಕೋಣೆಯ ಗೋಡೆಯಲ್ಲಿ ಒಂದು ಸಣ್ಣ ಗಂಟು ಇದೆ. ತಾಳ ಹಾಕುವದು ಅದೇ. ಆರ್ಥರ್ ಕೀತ್ ಎಂಬ ಪಂಡಿತನೂ ಮಾರ್ಟಿನ್ ಫ್ಲಾಕ್ ಎಂಬ ವೈದ್ಯವಿದ್ಯಾರ್ಥಿಯೂ ಅದನ್ನು ಕಂಡುಹಿಡಿದು ೧೯೦೭ರಲ್ಲಿ ಲೋಕಕ್ಕೆ ತಿಳಿಸಿದರು. ಯಾವ ನರದ ಹಂಗೂ ಇಲ್ಲದೆ ಬಿಟ್ಟರೆ ಈ ಗಂಟು ನಿಮಿಷಕ್ಕೆ ಸುಮಾರು ೧೦೦ ಸಾರಿ ತಾಳ ಹಾಕುವದು. ಹಾಗಾದರೆ ಸುಮ್ಮನೆ ಕೂತವನ ನಾಡಿಯು ೭೦ ಇರುವದು ಹೇಗೆ? ಮೆದುಳಿನ ಬುಡದಿಂದ ಇಳಿದು ಬರುವ ವೇಗಸ್ ಎಂಬ ನರವು ಎತ್ತಿಗೆ ಮೂಗುದಾರವಿದ್ದ ಹಾಗೆ ಅದನ್ನು ಎಳೆದು ಹಿಡಿದಿರುವದರಿಂದಲೇ. ಈ ನರವನ್ನು ಕೆರಳಿಸಿದರೆ ಹೃದಯವು ನಿಧಾನವಾಗುವದೆಂದು ಜರ್ಮನಿಯ ವೇಬರ್ ಸಹೋದರರು ೧೮೪೫ರಲ್ಲಿ ತೋರಿಸಿದರು. ಇದಕ್ಕೆ ಎದುರಾಗಿ ಬೆನ್ನುಹುರಿಯ ಕಡೆಯಿಂದ ಬರುವ ಬೇರೆ ನರಗಳಿವೆ. ಅವು ಬಾರುಕೋಲಿನ ಹಾಗೆ. ಮೂಗುದಾರವು ಒಂದು ಕಡೆ, ಬಾರುಕೋಲು ಇನ್ನೊಂದು ಕಡೆ. ಎರಡರ ನಡುವೆ ನಮ್ಮ ಎದೆಯೆಂಬ ಎತ್ತು ಹುಟ್ಟಿದಂದಿನಿಂದ ಸಾಯುವ ತನಕ ನಡೆಯುತ್ತಾ ಇದೆ.

ಭಯವು ಬಂದಾಗ ಏನಾಗುವದೆಂಬದನ್ನು ಅಮೇರಿಕದ ವಾಲ್ಟರ್ ಕ್ಯಾನನ್ ಎಂಬವನು ಬಹು ಕಾಲ ಪರೀಕ್ಷಿಸಿ ೧೯೧೫ರಲ್ಲಿ ಒಂದು ಗ್ರಂಥದಲ್ಲಿ ವಿವರಿಸಿದನು. ಮೂಗುದಾರವು ಸಡಿಲವಾಗುವದು, ಬಾರುಕೋಲು ಬೀಳುವದು. ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಕೂತಿರುವ ಎರಡು ಗ್ರಂಥಿಗಳು ಒಂದು ರಸವನ್ನು ರಕ್ತಕ್ಕೆ ಬಿಡುವವು. ಎದೆಯು ಹೊಡೆದುಕೊಳ್ಳುವದು, ಉಸಿರು ಏರುವದು, ಹೊಟ್ಟೆಯು ತನ್ನ ಕೆಲಸವನ್ನು ನಿಲ್ಲಿಸುವದು, ಅಂಗೈ ಬೆವರುವದು. ಇದೆಲ್ಲಾ ಯಾತಕ್ಕೆ? ಓಡುವದಕ್ಕೆ ಅಥವಾ ಎದುರಿಸಿ ನಿಲ್ಲುವದಕ್ಕೆ ಶರೀರವನ್ನು ಸಿದ್ಧಮಾಡುವದಕ್ಕಾಗಿ. ಕಬ್ಬಿನ ಗದ್ದೆಯಲ್ಲಿ ಹಾವನ್ನು ಕಂಡು ಯೋಚಿಸುವದಕ್ಕೆ ಮೊದಲೇ ಹಿಂದಕ್ಕೆ ಹಾರಿದವನು ಬದುಕಿಕೊಂಡದ್ದು ಈ ಏರ್ಪಾಡಿನಿಂದಲೇ. ಅವನು ಅವಿಶ್ವಾಸಿಯೆಂದು ಯಾರೂ ಸಭೆಯ ದಫ್ತರದಲ್ಲಿ ಬರೆಯುವದಿಲ್ಲ. ಇದನ್ನು ನಮ್ಮೊಳಗೆ ಇಟ್ಟವನು ಸೃಷ್ಟಿಕರ್ತನೇ, ಮತ್ತು ಒಳ್ಳೆಯದಕ್ಕಾಗಿಯೇ ಇಟ್ಟನು.

ಆದರೆ ಹಾವು ಹರಿದು ಹೋಗುವದು. ಸಾಲವು ಹರಿದು ಹೋಗುವದಿಲ್ಲ, ಹೊಸ್ತಿಲ ಮೇಲೆಯೇ ಸುತ್ತಿಕೊಂಡು ಮಲಗಿರುವದು. ಶರೀರಕ್ಕಾದರೋ ಹಾವು ಯಾವದು, ಬ್ಯಾಂಕಿನ ನೋಟೀಸು ಯಾವದು ಎಂಬ ಭೇದವು ತಿಳಿಯದು. ಅರ್ಧ ಗಳಿಗೆಗಾಗಿ ಉಂಟುಮಾಡಲ್ಪಟ್ಟ ಏರ್ಪಾಡು ತಿಂಗಳುಗಟ್ಟಲೆ ನಡೆಯುವಾಗ ನಿದ್ರೆ ಕೆಡುವದು, ರಕ್ತದ ಒತ್ತಡವು ಏರುವದು, ಸಣ್ಣ ಸದ್ದಿಗೂ ಎದೆಯು ಝಲ್ಲೆನ್ನುವದು. ಬಡವನ ಎದೆ ಯಾಕೆ ಹೆಚ್ಚಾಗಿ ನಡುಗುವದೆಂದು ಕೇಳುವವರು ಅವನ ಮನೆಯ ಹೊಸ್ತಿಲನ್ನು ಒಮ್ಮೆ ನೋಡಿ ಬರಲಿ.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳಬೇಕು. ಅದು ನಮಗೆ ಬಹಳ ಆಶ್ಚರ್ಯವನ್ನುಂಟುಮಾಡಿತು. ಒಳ್ಳೇ ಹೃದಯವು ಗಡಿಯಾರದಂತೆ ಒಂದೇ ಸಮನಾಗಿ ಬಡಿಯುವದೆಂದು ನಾವೆಲ್ಲರೂ ನೆನಸುತ್ತೇವೆ. ಹಾಗಲ್ಲ. ಉಸಿರನ್ನು ಒಳಗೆ ತೆಗೆದುಕೊಳ್ಳುವಾಗ ಅದು ಸ್ವಲ್ಪ ಬೇಗನೆಯೂ, ಬಿಡುವಾಗ ಸ್ವಲ್ಪ ನಿಧಾನವಾಗಿಯೂ ಬಡಿಯುವದು. ಜರ್ಮನಿಯ ಕಾರ್ಲ್ ಲೂಡ್ವಿಗ್ ಎಂಬವನು ಇದನ್ನು ೧೮೪೭ರಲ್ಲಿ ಬರೆದಿಟ್ಟನು. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಈ ಸಣ್ಣ ಹೆಚ್ಚುಕಡಿಮೆಯು ರೋಗವಲ್ಲ, ಮೂಗುದಾರವು ಸಜೀವವಾಗಿದೆಯೆಂಬದರ ಗುರುತು. ೧೯೬೦ರ ದಶಕದಲ್ಲಿ ಗರ್ಭದಲ್ಲಿರುವ ಕೂಸುಗಳ ಎದೆಬಡಿತವನ್ನು ಪರೀಕ್ಷಿಸಿದ ವೈದ್ಯರು, ಕೂಸು ಅಪಾಯದಲ್ಲಿರುವಾಗ ಬಡಿತದ ವೇಗವು ಬದಲಾಗುವದಕ್ಕೆ ಮುಂಚೆಯೇ ಬಡಿತಗಳ ನಡುವಣ ಈ ಹೆಚ್ಚುಕಡಿಮೆಯು ಬದಲಾಗುವದೆಂದು ಕಂಡರು. ೧೯೮೭ರಲ್ಲಿ ಅಮೇರಿಕದ ವೈದ್ಯರು, ಹೃದಯಾಘಾತವಾಗಿ ಬದುಕಿಕೊಂಡ ೮೦೮ ಮಂದಿಯ ಸ್ಥಿತಿಯನ್ನು ತಿಳಿಸುವಾಗ, ಯಾರ ಎದೆಯು ತೀರಾ ಏಕರೀತಿಯಾಗಿ ಬಡಿಯುತ್ತಿತ್ತೋ ಅವರು ಸಾಯುವ ಅಪಾಯವು ಹೆಚ್ಚು ವ್ಯತ್ಯಾಸವುಳ್ಳವರಿಗಿಂತ ಐದರಷ್ಟಿತ್ತೆಂದು ಬರೆದರು. ದೀರ್ಘಕಾಲದ ಚಿಂತೆಯೂ ಈ ವ್ಯತ್ಯಾಸವನ್ನು ಕುಗ್ಗಿಸುವದುಂಟು. ನಮ್ಮ ಹಿರಿಯರು ಹೇಳಿದ ಅಲೆಯಿಲ್ಲದ ಕೆರೆಯು, ಶರೀರದ ಮಟ್ಟಿಗಾದರೂ, ಆರೋಗ್ಯದ ಚಿತ್ರವಲ್ಲವೆಂದು ಇದರಿಂದ ತಿಳಿಯುವದು.

(ಆದರೆ ನಾಡಿಯು ಉಸಿರಿಗೆ ಸಂಬಂಧವಿಲ್ಲದೆ ತಪ್ಪಿ ತಪ್ಪಿ ಬಡಿಯುವದು ಬೇರೆ. ಅದನ್ನು ವೈದ್ಯರಿಗೆ ತೋರಿಸಲೇಬೇಕು.)

ಎಚ್ಚರದ ವಿಷಯವಾಗಿಯೂ ನಮ್ಮ ತಿಳುವಳಿಕೆ ತಪ್ಪಾಗಿದೆ. ಎಚ್ಚರವಾಗಿರುವವನ ಎದೆ ಹೊಡೆದುಕೊಳ್ಳಬೇಕು ಎಂದು ನೆನಸುತ್ತೇವೆ. ಜಾನ್ ಲೇಸಿ, ಬಿಯಾಟ್ರಿಸ್ ಲೇಸಿ ಎಂಬ ಅಮೇರಿಕದ ದಂಪತಿಗಳು ಕಂಡದ್ದೇನಂದರೆ, ಮನುಷ್ಯನು ಹೊರಗಿನ ಒಂದು ಗುರುತಿಗಾಗಿ ಕಣ್ಣು ಕಿವಿಗಳನ್ನು ತೆರೆದುಕೊಂಡು ಕಾದಿರುವಾಗ ಅವನ ಹೃದಯವು ವೇಗವಾಗದೆ ತುಸು ನಿಧಾನವಾಗುವದು. ತನ್ನೊಳಗೆ ತಾನೇ ಲೆಕ್ಕ ಹಾಕುತ್ತಾ ಇರುವಾಗ ವೇಗವಾಗುವದು. ರಾತ್ರಿ ಹೊಲ ಕಾಯುವವರಿಗೆ ಇದು ಪುಸ್ತಕವಿಲ್ಲದೆ ತಿಳಿದದ್ದೇ. ಕಾಡುಹಂದಿಯ ಸದ್ದಿಗಾಗಿ ಮಂಚಿಕೆಯ ಮೇಲೆ ಕಿವಿಗೊಟ್ಟು ಕೂತವನು ಉಸಿರನ್ನೇ ಮೆಲ್ಲಗೆ ಬಿಡುತ್ತಾನೆ. ಬಡ್ಡಿಯ ಲೆಕ್ಕ ಹಾಕುತ್ತಾ ಕೂತವನಿಗೆ ಹಂದಿಯು ಹೊಲವನ್ನು ನುಗ್ಗಿದರೂ ಕೇಳಿಸದು. ನಮ್ಮ ಕರ್ತನು ಎಚ್ಚರವಾಗಿರಬೇಕೆಂದು ಆಜ್ಞಾಪಿಸಿದನು, ನಾಳೆಯ ವಿಷಯವಾಗಿ ಚಿಂತಿಸಬಾರದೆಂದೂ ಹೇಳಿದನು. ಇವೆರಡು ಒಂದಕ್ಕೊಂದು ವಿರೋಧವೆಂದು ನಮ್ಮ ವೇದಪಾಠದಲ್ಲಿ ಒಬ್ಬ ಹುಡುಗನು ವಾದಿಸಿದ್ದುಂಟು. ವಿರೋಧವಿಲ್ಲ. ಎಚ್ಚರವು ಹೊರಗೆ ಕಿವಿಗೊಡುವದು, ಚಿಂತೆಯು ಒಳಗೆ ಲೆಕ್ಕ ಹಾಕುವದು.

ಈಗ ನಮ್ಮ ಪ್ರಶ್ನೆಗೆ ಬರೋಣ. ಇಂಥ ಸಾಕ್ಷಿಗಾರನ ಮಾತನ್ನು ನಂಬಿ ಒಂದು ಆತ್ಮಕ್ಕೆ ತೀರ್ಪು ಹೇಳಬಹುದೋ?

ಲೋಕವು ಇದನ್ನು ಬಹಳ ಕಾಲದಿಂದ ಪ್ರಯತ್ನಿಸಿದೆ. ಎರಡನೇ ಶತಮಾನದಲ್ಲಿ ರೋಮಾಪುರದಲ್ಲಿದ್ದ ಗಾಲೆನ್ ಎಂಬ ಪ್ರಸಿದ್ಧ ವೈದ್ಯನು ನಿದ್ರೆಗೆಟ್ಟಿದ್ದ ಒಬ್ಬ ಸ್ತ್ರೀಯ ನಾಡಿಯನ್ನು ಹಿಡಿದಿದ್ದಾಗ, ಯಾರೋ ಬಂದು ಪಿಲಾದೇಸ್ ಎಂಬ ನರ್ತಕನ ಹೆಸರನ್ನು ಹೇಳಿದರಂತೆ. ನಾಡಿಯು ಒಡನೆ ಹೆಚ್ಚುಕಡಿಮೆಯಾಯಿತು. ಬೇರೆ ನರ್ತಕರ ಹೆಸರುಗಳನ್ನು ಹೇಳಿದಾಗ ಏನೂ ಆಗಲಿಲ್ಲ. ರೋಗದ ಮೂಲವು ಅವನ ಮೇಲಿನ ಮೋಹವೆಂದು ವೈದ್ಯನು ತಿಳಿದುಕೊಂಡನು. ಕಥೆಯು ಸೊಗಸಾಗಿದೆ. ಇದೇ ದಾರಿಯಲ್ಲಿ ೧೯೨೧ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿ ಪಟ್ಟಣದ ಪೋಲೀಸರೊಳಗೆ ಜಾನ್ ಲಾರ್ಸನ್ ಎಂಬವನು ನಾಡಿ, ಉಸಿರು, ರಕ್ತದ ಒತ್ತಡ ಇವನ್ನೆಲ್ಲಾ ಒಟ್ಟಿಗೆ ಕಾಗದದ ಮೇಲೆ ಗೀಚುವ ಯಂತ್ರವನ್ನು ಮಾಡಿದನು. ಸುಳ್ಳನ್ನು ಹಿಡಿಯುವ ಯಂತ್ರವೆಂದು ಅದು ಹೆಸರುವಾಸಿಯಾಯಿತು. ಆದರೆ ನಿರಪರಾಧಿಯೂ ಪೋಲೀಸರ ಮುಂದೆ ನಡುಗುತ್ತಾನೆ. ಪಳಗಿದ ಸುಳ್ಳುಗಾರನು ನಡುಗುವದಿಲ್ಲ. ಯಂತ್ರವು ಕಾಣುವದು ನಡುಕವನ್ನೇ ಹೊರತು ಅದರ ಕಾರಣವನ್ನಲ್ಲ. ನಮ್ಮ ಕರ್ನಾಟಕ ರಾಜ್ಯವೇ ಒಂದು ಪಕ್ಷವಾಗಿದ್ದ ಮೊಕದ್ದಮೆಯಲ್ಲಿ ದೇಶದ ಸುಪ್ರೀಂ ಕೋರ್ಟು ೨೦೧೦ನೇ ಇಸವಿ ಮೇ ೫ರಲ್ಲಿ, ಯಾರನ್ನೇ ಆಗಲಿ ಅವರ ಒಪ್ಪಿಗೆಯಿಲ್ಲದೆ ಬಲವಂತದಿಂದ ಇಂಥ ಯಂತ್ರದ ಪರೀಕ್ಷೆಗೆ ಒಳಪಡಿಸಕೂಡದೆಂದು ತೀರ್ಪು ಕೊಟ್ಟಿತು. ಕೊಲೆಯ ಆಪಾದನೆಯುಳ್ಳವನಿಗೆ ಸಹಾ ಲೋಕದ ನ್ಯಾಯಸ್ಥಾನವು ಇಷ್ಟು ಮರ್ಯಾದೆಯನ್ನು ತೋರಿಸುವಾಗ, ದೇವರ ಸಭೆಯಲ್ಲಿ ಒಬ್ಬ ವಿಧವೆಯ ಎದೆಬಡಿತವನ್ನು ಕೇಳಿದ ಮಾತ್ರಕ್ಕೆ ನಾವು ತೀರ್ಪು ಹೇಳಿಬಿಟ್ಟೆವು!

ಸತ್ಯವೇದವು ಈ ವಿಷಯದಲ್ಲಿ ನಮಗಿಂತ ಜಾಣತನವುಳ್ಳದ್ದಾಗಿದೆ. ಎರಡು ಹಡಗುಗಳನ್ನು ನೆನಪಿಗೆ ತಂದುಕೊಳ್ಳಿರಿ. ಗಲಿಲಾಯದ ಸರೋವರದಲ್ಲಿ ಬಿರುಗಾಳಿ ಎದ್ದಾಗ ನಮ್ಮ ಕರ್ತನು ಹಡಗಿನ ಹಿಂಭಾಗದಲ್ಲಿ ನಿದ್ರೆಮಾಡುತ್ತಿದ್ದನು. ತಾರ್ಷೀಷಿಗೆ ಹೊರಟ ಹಡಗಿನಲ್ಲಿ ಬಿರುಗಾಳಿ ಎದ್ದಾಗ ಯೋನನೂ ಒಳಭಾಗದಲ್ಲಿ ಗಾಢನಿದ್ರೆಯಲ್ಲಿದ್ದನು. ಆ ಹೊತ್ತಿನಲ್ಲಿ ಇಬ್ಬರ ನಾಡಿಯನ್ನು ಹಿಡಿದಿದ್ದರೆ ವೈದ್ಯನಿಗೆ ಏನು ಭೇದವು ತಿಳಿಯುತ್ತಿತ್ತು? ಒಬ್ಬನು ತಂದೆಯ ಕೈಯಲ್ಲಿ ತನ್ನನ್ನು ಒಪ್ಪಿಸಿ ಮಲಗಿದ್ದನು. ಇನ್ನೊಬ್ಬನು ದೇವರ ಅಪ್ಪಣೆಯನ್ನು ಬಿಟ್ಟು ಓಡುತ್ತಾ ಮಲಗಿದ್ದನು. ನಡುಗುತ್ತಿದ್ದವರು ದೇವರನ್ನರಿಯದ ನಾವಿಕರು. ಅವರೇ ಪ್ರಾರ್ಥಿಸಿದರು, ಪ್ರವಾದಿಯು ಗೊರಕೆ ಹೊಡೆದನು. ನಮ್ಮ ಸಭೆಗಳಲ್ಲಿಯೂ ಹೀಗೆ ನೆಮ್ಮದಿಯಾಗಿ ನಿದ್ರಿಸುವವರು ಇಲ್ಲದೆ ಇಲ್ಲ. ಬಡ್ಡಿಗೆ ಬಡ್ಡಿ ಸೇರಿಸುವವನ ನಾಡಿಯು ಅನೇಕ ಸಾರಿ ೭೨ಕ್ಕೆ ಮೇಲೇರುವದಿಲ್ಲ.

ನಡುಗಿದವರ ಪಟ್ಟಿಯನ್ನಾದರೋ ನೋಡಿರಿ. ಕೊರಿಂಥದವರ ಬಳಿಗೆ ತಾನು ಬಂದಾಗ ಬಹಳ ಭಯದಿಂದಲೂ ನಡುಕದಿಂದಲೂ ಇದ್ದೆನೆಂದು ಪೌಲನು ತಾನೇ ಒಪ್ಪಿಕೊಂಡಿದ್ದಾನೆ. ನೆಹೆಮೀಯನು ಅರಸನ ಮುಂದೆ ಬಹಳವಾಗಿ ಹೆದರಿದನು. ಹೆದರಿಕೊಂಡೇ ಮನಸ್ಸಿನಲ್ಲಿ ಪ್ರಾರ್ಥಿಸಿ, ಹೆದರಿಕೊಂಡೇ ಬಿನ್ನಹ ಮಾಡಿದನು. ಎಲ್ಲಕ್ಕಿಂತ ಮಿಗಿಲಾಗಿ ಗೆತ್ಸೇಮನೆಯಲ್ಲಿ ಕರ್ತನ ಬೆವರು ರಕ್ತದ ದೊಡ್ಡ ಹನಿಗಳ ಹಾಗೆ ನೆಲಕ್ಕೆ ಬಿದ್ದದ್ದನ್ನು ಬರೆದಿಟ್ಟವನು ಲೂಕನು. ಪೌಲನು ಅವನನ್ನು ವೈದ್ಯನೆಂದು ಕರೆಯುತ್ತಾನೆ. ಬೆವರು, ಏದುಸಿರು, ಹೊಡೆದುಕೊಳ್ಳುವ ಎದೆ, ಇವು ಒಟ್ಟಿಗೆ ಬರುವವೆಂದು ಮೇಲೆ ಹೇಳಿದೆವಲ್ಲಾ. ಎದೆಬಡಿತವೇ ಅವಿಶ್ವಾಸವಾಗಿದ್ದರೆ, ಆ ರಾತ್ರಿ ತೋಟದಲ್ಲಿ ವಿಶ್ವಾಸಿಗಳಾಗಿದ್ದವರು ಮರದ ಕೆಳಗೆ ನಿದ್ರೆಮಾಡುತ್ತಿದ್ದ ಮೂವರು ಶಿಷ್ಯರು ಎಂದು ಹೇಳಬೇಕಾದೀತು!

ಹಾಗಾದರೆ ಭಯಪಡಬೇಡ ಎಂಬ ಆಜ್ಞೆಯು ಏನಾಯಿತು ಎಂದು ಕೆಲವರು ಕೇಳುವರು. ಪ್ರಶ್ನೆಯು ನ್ಯಾಯವಾದದ್ದು. ಆ ಮಾತನ್ನು ಯಾರಿಗೆ ಹೇಳಲ್ಪಟ್ಟಿತೆಂದು ನೋಡಬೇಕು. ಬೇತ್ಲೆಹೇಮಿನ ಕುರುಬರಿಗೆ ದೂತನು ಹಾಗೆ ಹೇಳಿದಾಗ ಅವರು ಆಗಲೇ ಬಹಳವಾಗಿ ಹೆದರಿದ್ದರು. ಅದು ಆಪಾದನೆಯ ಮಾತಲ್ಲ. ಕತ್ತಲಲ್ಲಿ ಅಳುವ ಕೂಸಿಗೆ ತಾಯಿಯು, ಹೆದರಬೇಡ ಮಗಾ, ನಾನಿದ್ದೇನೆ ಎಂದು ಹೇಳುವ ಮಾತು. ಹಾಗೆ ಹೇಳುತ್ತಾ ತಾಯಿಯು ಕೂಸನ್ನು ಹೊಡೆಯುವದಿಲ್ಲ.

ಇದಲ್ಲದೆ ನಮಗೆ ಬಂದದ್ದಕ್ಕೂ ನಾವು ಮಾಡಿದ್ದಕ್ಕೂ ಇರುವ ಭೇದವನ್ನು ಮರೆಯಬಾರದು. ಎದೆಯ ಗಂಟಿಗೆ ನಾವು ಅಪ್ಪಣೆ ಕೊಡಲಾರೆವು. ಅದು ನಮ್ಮ ಚಿತ್ತಕ್ಕೆ ಒಳಪಟ್ಟದ್ದಲ್ಲ. ಚಿತ್ತಕ್ಕೆ ಒಳಪಡದ್ದರಲ್ಲಿ ಪಾಪವನ್ನು ಹುಡುಕುವದು ಕುರುಡನನ್ನು ಕಾಣಲಿಲ್ಲವೆಂದು ಬೈಯುವದಕ್ಕೆ ಸಮ. ಭಯವು ಹೇಳಿದ ಹಾಗೆ ನಡೆಯುವದು ಮಾತ್ರ ನಮ್ಮ ಕೈಯಲ್ಲಿದೆ. ಭಯದಿಂದ ಸುಳ್ಳು ಹೇಳಿದೆವೋ, ನೆರೆಯವನನ್ನು ಬಿಟ್ಟು ಓಡಿದೆವೋ, ಕುರಿಯನ್ನು ಹಿಡಿದುಕೊಂಡು ಹಳೇ ಗುಡಿಯ ದಾರಿಯನ್ನು ಹಿಡಿದೆವೋ, ಇದನ್ನು ನಮ್ಮಿಂದ ಕೇಳಬಹುದು. ಫೇಲಿಕ್ಸನೆಂಬ ಅಧಿಪತಿಯು ಪೌಲನ ಮಾತನ್ನು ಕೇಳಿ ಭಯಗ್ರಸ್ತನಾದನು. ಅದು ಅವನಿಗೆ ಒಳ್ಳೇ ಸಮಯವಾಗಿತ್ತು. ಅವನ ತಪ್ಪು ನಡುಗಿದ್ದರಲ್ಲಿ ಇರಲಿಲ್ಲ, ಸಮಯ ದೊರೆತಾಗ ಕರೆಯಿಸುವೆನೆಂದು ಪೌಲನನ್ನು ಕಳುಹಿಸಿಬಿಟ್ಟದ್ದರಲ್ಲಿತ್ತು. ನಡುಕವು ಮನಸ್ಸಾಕ್ಷಿಯ ಕೂಗಾಗಿರುವದೂ ಉಂಟೆಂದು ನಾವು ಇದರಿಂದ ಒಪ್ಪುತ್ತೇವೆ. ಆದರೆ ಅದನ್ನು ತಿಳಿಯಬೇಕಾದವನು ನಡುಗುವವನೇ. ಪಕ್ಕದಲ್ಲಿ ಕೂತ ನಾವಲ್ಲ.

ಎಲೀಯನ ಸಂಗತಿಯು ನಮಗೆ ಇಲ್ಲಿ ಬಹಳವಾಗಿ ಬುದ್ಧಿಕೊಡುವದು. ಕರ್ಮೆಲ್ ಬೆಟ್ಟದಲ್ಲಿ ಬೆಂಕಿಯನ್ನು ಇಳಿಸಿದ ಪ್ರವಾದಿಯು ಈಜೆಬೆಲಳ ಒಂದು ಮಾತಿಗೆ ಹೆದರಿ ಬೇರ್ಷೆಬದ ಆಚೆಗೆ ಓಡಿದನು. ಜಾಲೀಗಿಡದ ಕೆಳಗೆ ಕೂತು ಸಾವನ್ನು ಬೇಡಿದನು. ದೇವರು ಆಗ ಏನು ಮಾಡಿದನು? ಅವಿಶ್ವಾಸದ ಮೇಲೆ ಪ್ರಸಂಗ ಮಾಡಲಿಲ್ಲ. ಮಲಗಗೊಟ್ಟನು. ದೂತನ ಕೈಯಿಂದ ಬಿಸಿ ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಮತ್ತೊಮ್ಮೆ ಮಲಗಗೊಟ್ಟು ಮತ್ತೊಮ್ಮೆ ಉಣ್ಣಿಸಿದನು. ನೀನು ಇಲ್ಲಿ ಏನು ಮಾಡುತ್ತೀ ಎಂಬ ಅರ್ಥದ ಪ್ರಶ್ನೆಯನ್ನು ಕೇಳಿದ್ದು ನಲವತ್ತು ದಿನಗಳ ಮೇಲೆ, ಹೋರೇಬಿನಲ್ಲಿ. ಆಗಲೂ ಕೆಲಸದಿಂದ ಬಿಡುಗಡೆಮಾಡದೆ ಬಂದ ದಾರಿಯಲ್ಲಿಯೇ ಹಿಂದಕ್ಕೆ ಕಳುಹಿಸಿದನೆಂಬದನ್ನೂ ಮುಚ್ಚಿಡಬಾರದು. ಆದರೆ ಊಟವು ಮುಂಚೆ, ಪ್ರಶ್ನೆಯು ಆಮೇಲೆ. ನಾವು ಆ ಮನೆಪ್ರಾರ್ಥನೆಯಲ್ಲಿ ಈ ಕ್ರಮವನ್ನು ತಲೆಕೆಳಗು ಮಾಡಿದೆವು. ನಿಜ ಹೇಳಬೇಕಾದರೆ, ರೊಟ್ಟಿಯ ನೆನಪೇ ನಮಗೆ ಬರಲಿಲ್ಲ.

ಉಸಿರಿನ ವಿಷಯವಾಗಿ ಒಂದು ಮಾತು. ನಿಮಿಷಕ್ಕೆ ಆರು ಸಾರಿಯಷ್ಟು ನಿಧಾನವಾಗಿ ಉಸಿರಾಡಿದರೆ ಮೂಗುದಾರದ ನರವು ಬಲಗೊಂಡು ಎದೆಯು ತಹಬಂದಿಗೆ ಬರುವದುಂಟು. ಇಟಲಿಯ ವೈದ್ಯರು ೨೦೦೧ರಲ್ಲಿ ೨೩ ಮಂದಿಯನ್ನು ಪರೀಕ್ಷಿಸಿ, ರೋಮನ್ ಕಥೋಲಿಕರ ಜಪಮಾಲೆಯ ಲತೀನ್ ಪ್ರಾರ್ಥನೆಯಿಂದಲೂ ಬೌದ್ಧರ ಮಂತ್ರದಿಂದಲೂ ಉಸಿರು ಈ ಒಂದೇ ಗತಿಗೆ ಬರುವದೆಂದು ಪ್ರಕಟಿಸಿದರು. ಹಾಗಾದರೆ ಪ್ರಾರ್ಥನೆಯೂ ಮಂತ್ರವೂ ಒಂದೇ ಆಯಿತಲ್ಲಾ ಎಂದು ಪಟ್ಟಣದಲ್ಲಿ ಓದುವ ನಮ್ಮ ಯೌವನಸ್ಥರು ಕೇಳುತ್ತಾರೆ. ಉಸಿರಿನ ಮಟ್ಟಿಗೆ ಒಂದೇ, ಸಂದೇಹವಿಲ್ಲ. ದೇವರು ನೀತಿವಂತರ ಹೊಲಕ್ಕೂ ಅನೀತಿವಂತರ ಹೊಲಕ್ಕೂ ಮಳೆಯನ್ನು ಸುರಿಸುವಂತೆ, ನಿಧಾನವಾದ ಉಸಿರಿನ ಲಾಭವನ್ನು ಎಲ್ಲರಿಗೂ ಇಟ್ಟಿದ್ದಾನೆ. ಅದನ್ನು ನಾವು ಕೃತಜ್ಞತೆಯಿಂದ ಉಪಯೋಗಿಸಬಹುದು. ಆದರೆ ಪ್ರಾರ್ಥನೆಯು ಎದೆಯ ಔಷಧವಲ್ಲ, ತಂದೆಯ ಸಂಗಡ ಮಾತು. ಮಗನು ತಂದೆಯ ಮನೆಗೆ ಹೋಗುವದು ದಾರಿಯ ನಡಿಗೆಯಿಂದ ಕಾಲು ಗಟ್ಟಿಯಾಗಲೆಂದೋ? ಗೆತ್ಸೇಮನೆಯಲ್ಲಿ ಪ್ರಾರ್ಥನೆ ಮಾಡಿದಷ್ಟೂ ಬೆವರು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಅದು ಫಲಿಸದ ಪ್ರಾರ್ಥನೆಯೆಂದು ಯಾರು ಹೇಳುವರು?

ನಮ್ಮ ಸಭೆಯವರೊಬ್ಬರ ಮಗನು ಬೆಂಗಳೂರಿನಿಂದ ಬಂದಾಗ ಮುಂಗೈಗೆ ಕಟ್ಟಿಕೊಂಡಿದ್ದ ಗಡಿಯಾರವು ಎದೆಬಡಿತವನ್ನು ಎಣಿಸಿ, ಈ ಹೊತ್ತು ಮನಸ್ಸಿನ ಒತ್ತಡವು ಇಷ್ಟು ಎಂದು ಅಂಕೆಯಲ್ಲಿ ತೋರಿಸುತ್ತಿತ್ತು. ಪ್ರಸಂಗದ ಹೊತ್ತಿನಲ್ಲಿ ಅದು ಬಹಳ ಕಡಿಮೆ ತೋರಿಸಿತಂತೆ. ಅವನು ನಿದ್ರೆ ಹೋಗಿದ್ದನೆಂದು ಅವನ ತಾಯಿಯೇ ನಮಗೆ ಹೇಳಿದರು.

ಇನ್ನು ಆ ವಿಧವೆಯ ಸಂಗತಿ. ಅತಿಯಾದ ದುಃಖದಿಂದ ಹೃದಯದ ಮಾಂಸವೇ ಸ್ವಲ್ಪಕಾಲ ಬಲಗುಂದಿ ಉಬ್ಬಿಕೊಳ್ಳುವ ಒಂದು ರೋಗವುಂಟೆಂದು ಜಪಾನಿನ ವೈದ್ಯರು ೧೯೯೦ರಲ್ಲಿ ಬರೆದರು. ಅದು ಹೆಚ್ಚಾಗಿ ಮುಪ್ಪಿಗೆ ಕಾಲಿಟ್ಟ ಸ್ತ್ರೀಯರಿಗೇ ಬರುವದು, ಮತ್ತು ಸಾಧಾರಣವಾಗಿ ಕೆಲವು ವಾರಗಳಲ್ಲಿ ಗುಣವಾಗುವದು. ಇದನ್ನು ಓದಿದ ಮೇಲೆ ನಮಗೆ ಭಯ ಹತ್ತಿ, ಆಕೆಯನ್ನು ತಾಲೂಕಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ವೈದ್ಯರಮ್ಮನವರು ಮೊದಲು ಆಕೆಯ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದರು. ಒಳಗೆ ಸುಣ್ಣದ ಗೋಡೆಯ ಹಾಗೆ ಬಿಳುಪಾಗಿತ್ತು. ರಕ್ತವನ್ನು ಪರೀಕ್ಷಿಸಿ, ಆಕೆಯಲ್ಲಿ ರಕ್ತವು ಬಹಳ ಕಡಿಮೆಯಾಗಿದೆಯೆಂದೂ, ಇರುವ ಸ್ವಲ್ಪ ರಕ್ತವನ್ನೇ ಬೇಗಬೇಗನೆ ಸುತ್ತಿಸಬೇಕಾದದ್ದರಿಂದ ಎದೆಯು ಹೀಗೆ ಹೊಡೆದುಕೊಳ್ಳುವದೆಂದೂ ಹೇಳಿ, ಕಬ್ಬಿಣದ ಅಂಶವುಳ್ಳ ಮಾತ್ರೆಗಳನ್ನು ಕೊಟ್ಟರು. ಕುತ್ತಿಗೆಯ ಗ್ರಂಥಿಯ ದೋಷದಿಂದಲೂ ಇಂಥ ಬಡಿತವು ಬರುವದೆಂದು ಅದನ್ನೂ ಪರೀಕ್ಷಿಸಿದರು; ಅದು ಸರಿಯಾಗಿತ್ತು. ಎದೆನೋವು, ತಣ್ಣನೆಯ ಬೆವರು, ಉಸಿರುಕಟ್ಟುವದು, ತಲೆ ತಿರುಗಿ ಬೀಳುವದು, ಇವು ಕಂಡರೆ ಒಂದು ಗಳಿಗೆಯೂ ತಡಮಾಡದೆ ಬರಬೇಕೆಂದು ಖಂಡಿತವಾಗಿ ಹೇಳಿದರು. ಇದನ್ನು ವಾಚಕರೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮೊದಲು ಪ್ರಾರ್ಥನೆ, ನಾಳೆ ಆಸ್ಪತ್ರೆ ಎಂದು ಅನ್ನುವದು ಭಕ್ತಿಯಲ್ಲ. ದಾರಿಯಲ್ಲಿಯೂ ಪ್ರಾರ್ಥಿಸಬಹುದು.

ಬಸ್ಸಿನಲ್ಲಿ ಹಿಂದಿರುಗುವಾಗ ನಮಗೆ ಬಹಳ ನಾಚಿಕೆಯಾಯಿತು. ಒಬ್ಬ ಬಡ ತಾಯಿಯ ಶರೀರದಲ್ಲಿ ಕಬ್ಬಿಣದ ಕೊರತೆ ಇದ್ದದ್ದಕ್ಕೆ ನಾವು ಆಕೆಯ ಆತ್ಮದಲ್ಲಿ ವಿಶ್ವಾಸದ ಕೊರತೆ ಇದೆಯೆಂದು ಮೂರು ತಿಂಗಳು ಹೇಳಿದ್ದೆವು. ಆಕೆಯ ಊಟದಲ್ಲಿ ಏನಿದೆಯೆಂದು ಒಬ್ಬರೂ ಕೇಳಿರಲಿಲ್ಲ. ಇದನ್ನು ಹಿರಿಯರಿಗೆ ತಿಳಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಮಾರಣೆಯ ದಿನ ಅವರ ಮನೆಯಿಂದ ಆಕೆಯ ಮನೆಗೆ ಒಂದು ಮೂಟೆ ರಾಗಿಯೂ ನುಗ್ಗೆಸೊಪ್ಪಿನ ಕಟ್ಟೂ ಹೋದವೆಂದು ಕೇಳಿದೆವು.

ಮಾತ್ರೆಗಳಿಂದ ಎದೆಯ ಹೊಡೆತವು ಬಹುಮಟ್ಟಿಗೆ ಇಳಿಯಿತು, ಪೂರ್ತಿಯಾಗಿ ಇಳಿಯಲಿಲ್ಲ. ಸಾಲವು ಮಾತ್ರೆಯಿಂದ ತೀರುವದಿಲ್ಲ. ಮೋಟಾರ್ ಸೈಕಲಿನ ಸದ್ದು ಈಗಲೂ ಶನಿವಾರಗಳಲ್ಲಿ ಕೇಳಿಸುವದು, ಕೇಳಿಸಿದಾಗ ಈಗಲೂ ಆಕೆಯ ಬಣ್ಣವು ಇಳಿಯುವದು. ಕಳೆದ ಕರ್ತನ ಭೋಜನದ ಭಾನುವಾರ ಪ್ರಸಂಗವಾದ ಮೇಲೆ ಆಕೆಯು ಏಳಲಿಲ್ಲ. ಸರದಿ ಬಂದಾಗ ಮುಂದೆ ಬಂದು ಮೊಣಕಾಲೂರಿದಳು. ಪಾತ್ರೆಯನ್ನು ಹಿಡಿದುಕೊಂಡು ನಾವು ಆಕೆಯ ಬಳಿಗೆ ಬಂದಾಗ ಆಕೆಯ ಕೈಗಳು ನಡುಗುತ್ತಿದ್ದವು, ಪಾತ್ರೆಯ ಅಂಚು ಹಲ್ಲಿಗೆ ತಾಕಿ ಸಣ್ಣಗೆ ಸದ್ದಾಯಿತು. ಆಕೆಯು ಕುಡಿದಳು.